ವಾರ್ಡಿನಲ್ಲಿ ತಪ್ಪು ತಡೆಯುವುದು ಹೇಗೆ: ಹೊಸದಾಗಿ ಡ್ಯೂಟಿಗೆ ಬಂದವರಿಗೆ ಒಬ್ಬ ಹಳೇ ಸಿಸ್ಟರ್ ಬರೆದದ್ದು

ವಾರ್ಡಿನಲ್ಲಿ ಏನಾದರೂ ತಪ್ಪಾಯಿತು ಅನ್ನಿ, ಮರುದಿನವೇ ಗೋಡೆ ಮೇಲೆ ಒಂದು ಹಾಳೆ ಬರುತ್ತದೆ. ‘ಔಷಧಿ ಕೊಡುವಾಗ ಎಲ್ಲರೂ ಎಚ್ಚರಿಕೆ ವಹಿಸತಕ್ಕದ್ದು.’ ಒಂದೆರಡು ದಿನ ಎಲ್ಲರೂ ಓದುತ್ತಾರೆ. ಆಮೇಲೆ ಆ ಹಾಳೆ ಅಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ. ಮುಂದಿನ ತಪ್ಪಾದಾಗ ಅದರ ಪಕ್ಕದಲ್ಲೇ ಇನ್ನೊಂದು ಹಾಳೆ.

ನಾನು ನರ್ಸ್. ಮೊದಲು ಮೆಡಿಕಲ್ ವಾರ್ಡ್, ಆಮೇಲೆ ಐಸಿಯು, ಈಗ ವಾರ್ಡ್ ಇನ್‌ಚಾರ್ಜ್. ಹೊಸದಾಗಿ ಬಂದವರಿಗೆ ‘ಎಚ್ಚರವಾಗಿರಿ’ ಅಂತ ನಾನು ಹೇಳುವುದಿಲ್ಲ. ಬೇಕಂತಲೇ ಎಚ್ಚರ ತಪ್ಪುವವರು ಯಾರಿದ್ದಾರೆ? ನೈಟ್ ಡ್ಯೂಟಿಯ ಬೆಳಗಿನ ಜಾವಕ್ಕೆ ಎಂಥವರಿಗೂ ಕಣ್ಣು ಎಳೆಯುತ್ತದೆ. ಒಬ್ಬರಿಗೆ ಉಸಿರಾಟದ ತೊಂದರೆ, ಇನ್ನೊಬ್ಬರ ಡ್ರಿಪ್ ನಿಂತಿದೆ, ಫೋನ್ ಬಡಿದುಕೊಳ್ಳುತ್ತಿದೆ. ಆ ಹೊತ್ತಿನಲ್ಲಿ ಎಚ್ಚರ ಅನ್ನುವುದನ್ನು ಎಲ್ಲಿಂದ ತರುವುದು? ಅದಕ್ಕೇ ನಾನು ಹೇಳುವುದು ಬೇರೆ. ನೀವು ಪೂರ್ತಿ ಸುಸ್ತಾಗಿದ್ದಾಗಲೂ ಕೈ ತಪ್ಪು ಕಡೆ ಹೋಗದ ಹಾಗೆ ಜಾಗ, ಸಾಮಾನು, ಮಾತು ಮೂರನ್ನೂ ಮೊದಲೇ ಜೋಡಿಸಿಟ್ಟುಕೊಳ್ಳಿ.

ಇದು ಎಲ್ಲೋ ಅಪರೂಪಕ್ಕೆ ಆಗುವ ವಿಷಯ ಅಂದುಕೊಳ್ಳಬೇಡಿ. ಚಿಕಿತ್ಸೆಗೆ ಬಂದ ಪ್ರತಿ 10 ಜನರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ತೊಂದರೆ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಅರ್ಧದಷ್ಟು ತಡೆಯಬಹುದಾದದ್ದು. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟಿತು. ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆ ಅನ್ನುವುದು ಅದರ ಅಂದಾಜು. ಈ ಸಂಖ್ಯೆಯ ಬಗ್ಗೆ ಆಮೇಲೆ ಸಾಕಷ್ಟು ಜಗಳ ನಡೆಯಿತು. ಆದರೆ ಆ ವರದಿಯ ಮುಖ್ಯ ಮಾತಿನ ಬಗ್ಗೆ ಜಾಸ್ತಿ ಜಗಳ ಇಲ್ಲ: ತಪ್ಪು ಮಾಡುವವರು ಹೆಚ್ಚಿನಂಶ ಒಳ್ಳೆ ಕೆಲಸಗಾರರೇ, ಕೆಲಸದ ವ್ಯವಸ್ಥೆ ಮಾತ್ರ ಕೆಟ್ಟದ್ದು.

ಮೊದಲು ಕಪಾಟು ತೆಗೆಯಿರಿ

ಡ್ಯೂಟಿ ಶುರುವಾದ ಮೊದಲ ವಾರದಲ್ಲೇ ಇದನ್ನು ಮಾಡಿ. ಔಷಧಿ ಕಪಾಟಿನ ಮುಂದೆ ನಿಂತು, ಲೇಬಲ್ ಓದದೆ, ಸುಮ್ನೆ ಬಣ್ಣ ಮತ್ತು ಆಕಾರ ಮಾತ್ರ ನೋಡಿ. ಯಾವ ಎರಡು ಒಂದೇ ಥರ ಕಾಣುತ್ತವೆ? ಅವು ಅಕ್ಕಪಕ್ಕ ಇದ್ದರೆ ಇವತ್ತೇ ಬೇರೆ ಮಾಡಿ.

ಮೊದಲನೆಯದಾಗಿ ಹುಡುಕಬೇಕಾದದ್ದು ಪೊಟ್ಯಾಸಿಯಂ ಕ್ಲೋರೈಡ್. ಬೆರೆಸದ, ಗಟ್ಟಿ ಪ್ರಮಾಣದ ಆಂಪ್ಯೂಲ್. ನೋಡಲು ನೀರಿನ ಹಾಗೆ, ಪಕ್ಕದ ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ಹಾಗೆಯೇ ಇರುತ್ತದೆ. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಇದನ್ನು ಸಾಮಾನ್ಯ ವಾರ್ಡಿನ ಸ್ಟಾಕ್‌ನಲ್ಲಿ ಇಡಲೇಬಾರದು ಅನ್ನುವುದು ಈಗ ಎಲ್ಲ ಕಡೆ ಒಪ್ಪಿದ ಮಾತು. ಬೇಕಾದಾಗ ಫಾರ್ಮಸಿಯಿಂದ, ಆದಷ್ಟು ಮೊದಲೇ ಬೆರೆಸಿದ ಬಾಟಲಿಯಾಗಿ ಬರಬೇಕು. ‘ರಾತ್ರಿ ಹೊತ್ತು ಫಾರ್ಮಸಿಗೆ ಓಡುವವರು ಯಾರು?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಓಡಲಿ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಟ್ಟಿಲ್ಲ. ಐಸಿಯುನಲ್ಲಿ ಇಡಲೇಬೇಕಾದರೆ ಬೇರೆ ಪೆಟ್ಟಿಗೆ, ಬೀಗ, ಕೆಂಪು ಲೇಬಲ್, ಮೇಲೆ ದೊಡ್ಡದಾಗಿ ‘ಬೆರೆಸದೆ ಕೊಡಬಾರದು’.

ಇನ್ನೊಂದು ಹೆಪಾರಿನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಔಷಧಿ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡಿನ ಕಪಾಟಿಗೆ ತಪ್ಪು ವಯಲ್ ತುಂಬಲಾಗಿತ್ತು. ಮಿಲಿಲೀಟರ್‌ಗೆ 10 ಯೂನಿಟ್ ಇರುವ ವಯಲ್ ಇರಬೇಕಾದ ಜಾಗದಲ್ಲಿ 10,000 ಯೂನಿಟ್‌ನದು. ಸಾವಿರ ಪಟ್ಟು. ಎರಡರ ಲೇಬಲ್ಲೂ ನೀಲಿ ಛಾಯೆಯದೇ. ಮೂರು ಶಿಶುಗಳು ತೀರಿಕೊಂಡವು. ಮರುವರ್ಷ ಲಾಸ್ ಏಂಜಲಿಸ್‌ನಲ್ಲಿ ಹೆಚ್ಚುಕಡಿಮೆ ಅದೇ ತಪ್ಪು ಮತ್ತೆ ಆಯಿತು. ಅಲ್ಲಿ ಔಷಧಿ ಕೊಟ್ಟ ನರ್ಸ್‌ಗಳು ದಡ್ಡರಲ್ಲ. ಆ ಜಾಗದಲ್ಲಿ ಯಾವಾಗಲೂ ಕಡಿಮೆ ಪ್ರಮಾಣದ ವಯಲ್ಲೇ ಇರುತ್ತಿತ್ತು, ಕೈಗೆ ಅಭ್ಯಾಸವಾಗಿತ್ತು. ಕಣ್ಣು ಏನನ್ನು ನಿರೀಕ್ಷಿಸುತ್ತದೋ ಅದನ್ನೇ ಓದುತ್ತದೆ.

ಹೆಸರಿನಲ್ಲೂ ಜೋಡಿಗಳಿವೆ. ಡೋಪಮಿನ್, ಡೊಬ್ಯುಟಮಿನ್. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್. ಹೈಡ್ರಲಜಿನ್, ಹೈಡ್ರಾಕ್ಸಿಜಿನ್. ನಿಮ್ಮ ವಾರ್ಡಿನಲ್ಲಿ ಬಳಸುವ ಇಂಥ ಜೋಡಿಗಳ ಒಂದು ಪುಟ್ಟ ಪಟ್ಟಿ ಮಾಡಿ ಕಪಾಟಿನ ಒಳಬಾಗಿಲಿಗೆ ಅಂಟಿಸಿ. ಅಂಗಡಿಯಲ್ಲಿ ಸಿಗುವ ಉದ್ದ ಪಟ್ಟಿ ಬೇಡ, ನೂರು ಹೆಸರು ಇದ್ದರೆ ಯಾರೂ ಓದುವುದಿಲ್ಲ. ನಿಮ್ಮಲ್ಲಿ ಇರುವುದು ಮಾತ್ರ ಸಾಕು. ಎರಡು ಹೆಸರುಗಳ ನಡುವೆ ಬೇರೆ ಇರುವ ಅಕ್ಷರಗಳನ್ನಷ್ಟೇ ದಪ್ಪಗೆ, ದೊಡ್ಡದಾಗಿ ಬರೆಯಿರಿ.

ತಪ್ಪಿಗೆ ದಾರಿಯೇ ಇಲ್ಲದ ಹಾಗೆ ಮಾಡಿದ ಕೆಲಸ ಹೇಗಿರುತ್ತದೆ ಅಂತ ನೋಡಬೇಕಾ? ಆಪರೇಷನ್ ಥಿಯೇಟರ್‌ನ ಚಿಕ್ಕ ಗ್ಯಾಸ್ ಸಿಲಿಂಡರ್ ನೋಡಿ. ಆಮ್ಲಜನಕದ ಸಿಲಿಂಡರ್ ಬಾಯಿಯಲ್ಲಿರುವ ತೂತುಗಳ ಜಾಗ ಒಂದು, ನೈಟ್ರಸ್ ಆಕ್ಸೈಡ್‌ನದು ಇನ್ನೊಂದು. ಯಂತ್ರದ ಕಡೆ ಇರುವ ಪಿನ್ನುಗಳು ಅದಕ್ಕೆ ಸರಿಯಾಗಿ ಹೊಂದಿದರೆ ಮಾತ್ರ ಸಿಲಿಂಡರ್ ಕೂರುತ್ತದೆ. ತಪ್ಪು ಸಿಲಿಂಡರ್ ಜೋಡಿಸಲು ಹೋದರೆ ಅದು ಕೂರುವುದೇ ಇಲ್ಲ. ಅಲ್ಲಿ ಯಾವ ನೋಟಿಸೂ ಬೇಕಾಗಿಲ್ಲ.

ವಿನ್‌ಕ್ರಿಸ್ಟಿನ್ ವಿಷಯದಲ್ಲೂ ಹೀಗೇ. ಅದು ರಕ್ತನಾಳಕ್ಕೆ ಮಾತ್ರ ಕೊಡುವ ಕ್ಯಾನ್ಸರ್ ಔಷಧಿ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹೋದರೆ ಬದುಕುವವರು ತೀರಾ ವಿರಳ. ಸಿರಿಂಜ್ ಮೇಲೆ ಎಷ್ಟೇ ಎಚ್ಚರಿಕೆ ಬರೆದರೂ ಜಗತ್ತಿನ ಬೇರೆ ಬೇರೆ ಕಡೆ ಈ ತಪ್ಪು ಆಗುತ್ತಲೇ ಇತ್ತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸಿರಿಂಜ್‌ನಲ್ಲಿ ತುಂಬಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಿ ಎಂದಿತು. ಡ್ರಿಪ್ ಚೀಲ ಹಿಡಿದುಕೊಂಡು ಬೆನ್ನಿಗೆ ಚುಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ ನೋಡಿ. ನಿಮ್ಮ ವಾರ್ಡಿನ ಪ್ರತಿ ತಪ್ಪಿಗೂ ಮೊದಲು ಇಂಥ ಪರಿಹಾರ ಹುಡುಕಿ. ಸಿಗದಿದ್ದರೆ ಮಾತ್ರ ಚೆಕ್‌ಲಿಸ್ಟ್. ಅದೂ ಆಗದಿದ್ದರೆ ತರಬೇತಿ. ‘ಎಚ್ಚರಿಕೆ ವಹಿಸಿ’ ಅನ್ನುವ ಹಾಳೆ ಎಲ್ಲಕ್ಕಿಂತ ಕೊನೆಗೆ.

ಹೆಸರು ನೀವು ಹೇಳಬೇಡಿ

‘ನೀವು ಇಂಥವರಲ್ವಾ?’ ಅಂತ ಕೇಳಬೇಡಿ. ಜ್ವರದಲ್ಲಿರುವವರು, ಕಿವಿ ಮಂದವಾದವರು, ಹೆದರಿಕೊಂಡವರು ಯಾವುದಕ್ಕಾದರೂ ‘ಹೂಂ’ ಅನ್ನುತ್ತಾರೆ. ‘ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನ ಹೇಳಿ’ ಅಂತ ಕೇಳಿ. ಅವರು ಹೇಳಿದ್ದನ್ನು ಕೈಪಟ್ಟಿಯ ಜೊತೆ, ಕೇಸ್ ಶೀಟಿನ ಜೊತೆ ನೋಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಆಸ್ಪತ್ರೆಯ ನೋಂದಣಿ ಸಂಖ್ಯೆ ಇದೆಯಲ್ಲ. ಹೇಗಾದರೂ ಎರಡು ಗುರುತು ಬೇಕು. ಬೆಡ್ ನಂಬರ್ ಗುರುತಲ್ಲ. ಬೆಡ್ ಮೇಲಿನ ಜನ ಬದಲಾಗುತ್ತಲೇ ಇರುತ್ತಾರೆ. ಮಧ್ಯಾಹ್ನ ಕಿಟಕಿ ಪಕ್ಕದಲ್ಲಿದ್ದವರು ಸಂಜೆಗೆ ಬಾಗಿಲ ಪಕ್ಕದಲ್ಲಿರುತ್ತಾರೆ.

ಒಂದೇ ಹೆಸರಿನವರು ಇಬ್ಬರಿದ್ದರೆ ಇಬ್ಬರ ಕೇಸ್ ಶೀಟ್ ಮೇಲೂ ‘ಇದೇ ಹೆಸರಿನವರು ಇನ್ನೊಬ್ಬರಿದ್ದಾರೆ’ ಅಂತ ಬರೆಯಿರಿ. ಆದಷ್ಟು ಅವರನ್ನು ಪಕ್ಕಪಕ್ಕದ ಬೆಡ್‌ನಲ್ಲಿ ಇಡಬೇಡಿ.

ರಕ್ತದ ಸ್ಯಾಂಪಲ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಟ್ಯೂಬಿಗೆ ಲೇಬಲ್ ಹಚ್ಚುವುದು ರೋಗಿಯ ಪಕ್ಕದಲ್ಲೇ, ರಕ್ತ ತೆಗೆದ ತಕ್ಷಣ, ತೆಗೆದವರೇ. ಮೊದಲೇ ಲೇಬಲ್ ಹಚ್ಚಿಟ್ಟ ಟ್ಯೂಬುಗಳನ್ನು ಟ್ರೇಯಲ್ಲಿಟ್ಟುಕೊಂಡು ಬೆಡ್‌ನಿಂದ ಬೆಡ್‌ಗೆ ಹೋಗುವವರನ್ನು ನೋಡಿದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಇನ್ನೊಬ್ಬರ ಹೆಸರಿನ ಟ್ಯೂಬಿಗೆ ರಕ್ತ ಹೋದರೆ ರಕ್ತನಿಧಿಯವರು ಎಷ್ಟೇ ಸರಿಯಾಗಿ ಪರೀಕ್ಷೆ ಮಾಡಿದರೂ ಪ್ರಯೋಜನ ಇಲ್ಲ. ರಕ್ತ ಕೊಡುವ ಮುಂಚೆ ಇಬ್ಬರು ಸೇರಿ, ರೋಗಿಯ ಪಕ್ಕದಲ್ಲಿ ನಿಂತು ಚೀಲ, ಕೈಪಟ್ಟಿ, ಫಾರಂ ಮೂರನ್ನೂ ಜೋರಾಗಿ ಓದಿ. ನರ್ಸಿಂಗ್ ಸ್ಟೇಷನ್‌ನಲ್ಲಿ ಕೂತು ಓದುವುದಲ್ಲ. ಕೊಡಲು ಶುರು ಮಾಡಿದ ಮೊದಲ 15 ನಿಮಿಷ ಹತ್ತಿರವೇ ಇರಿ. ರಕ್ತದ ಗುಂಪು ತಪ್ಪಿದ್ದರೆ ಸಾಮಾನ್ಯವಾಗಿ ಆಗಲೇ ಗೊತ್ತಾಗುತ್ತದೆ: ಚಳಿ, ಸೊಂಟ ನೋವು, ಏನೋ ಆಗುತ್ತಿದೆ ಅನ್ನುವ ಗಾಬರಿ. ತಕ್ಷಣ ನಿಲ್ಲಿಸಿ, ಚೀಲ ಎಸೆಯಬೇಡಿ. ಒಂದು ಚೀಲ 4 ಗಂಟೆಯೊಳಗೆ ಮುಗಿಯಬೇಕು.

ಸೊನ್ನೆ, ಚುಕ್ಕಿ, ಯು

ಬರವಣಿಗೆಯಲ್ಲಿ ಸಾಯಿಸುವುದು ಇವೇ. ‘1.0’ ಅಂತ ಬರೆದರೆ ಚುಕ್ಕಿ ಮಸುಕಾದಾಗ ಅದು 10. ಹಾಗಾಗಿ ಬರೀ 1. ‘.5’ ಅಂತ ಬರೆದರೆ ಅದು 5 ಆಗುತ್ತದೆ. ಹಾಗಾಗಿ 0.5. ಹಿಂದೆ ಸೊನ್ನೆ ಬೇಡ, ಮುಂದೆ ಸೊನ್ನೆ ಬೇಕು.

ಇನ್ಸುಲಿನ್ ಬರೆಯುವಾಗ ಯೂನಿಟ್ ಅನ್ನುವುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಹಾಕುತ್ತಾರೆ. ಅವಸರದ ಕೈಬರಹದಲ್ಲಿ ಅದು ಸೊನ್ನೆ ಥರ ಕಾಣುತ್ತದೆ. 4 ಯೂನಿಟ್ ಹೋಗಿ 40 ಆಗುತ್ತದೆ. ಪೂರ್ತಿ ಪದ ಬರೆಯಿರಿ. ಡಾಕ್ಟರ್ ಒಂದೇ ಅಕ್ಷರ ಬರೆದಿದ್ದರೆ ತಿದ್ದಿಸಿಕೊಳ್ಳಿ, ನೀವಾಗಿ ತಿದ್ದಬೇಡಿ. ಇನ್ಸುಲಿನ್ ಅಂದಾಗಲೇ ಇನ್ನೊಂದು ಮಾತು: ಮಿಲಿಲೀಟರ್‌ಗೆ 40 ಯೂನಿಟ್‌ನ ವಯಲ್ ಕೂಡ ಇದೆ, 100 ಯೂನಿಟ್‌ನದೂ ಇದೆ. ಸಿರಿಂಜೂ ಬೇರೆ ಬೇರೆ, 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ವಯಲ್ ಒಂದು, ಸಿರಿಂಜ್ ಇನ್ನೊಂದು ಆದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಎರಡೂ ಥರದ್ದನ್ನು ಒಂದೇ ವಾರ್ಡಿನಲ್ಲಿ ಇಡದಿರುವುದೇ ಒಳ್ಳೆಯದು.

ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಕೊಡುತ್ತಾರೆ. ಮಾತ್ರೆ ಅಂದರೆ ದಿನಾ ತಗೊಳ್ಳುವುದು ಅನ್ನುವುದು ಎಲ್ಲರ ತಲೆಯಲ್ಲೂ ಕೂತಿದೆ, ರೋಗಿಗೂ ನಮಗೂ. ದಿನಾ ತಗೊಂಡರೆ ಮೂಳೆಮಜ್ಜೆ ಕೆಲಸ ನಿಲ್ಲಿಸುತ್ತದೆ, ಜೀವಕ್ಕೇ ಅಪಾಯ. ‘ವಾರಕ್ಕೊಮ್ಮೆ’ ಅಂತ ಬರೆದರೆ ಸಾಲದು. ‘ಸೋಮವಾರ ಮಾತ್ರ’ ಅಂತ ವಾರದ ಹೆಸರೇ ಬರೆಸಿ.

ಮಕ್ಕಳ ವಾರ್ಡಿನಲ್ಲಿ ತೂಕ ಯಾವಾಗಲೂ ಕೆಜಿಯಲ್ಲಿ, ಅಳೆದು ಬರೆದದ್ದು. ‘ಸುಮಾರು ಇಷ್ಟಿರಬಹುದು’ ಅಂತ ಅಮ್ಮ ಹೇಳಿದ್ದಲ್ಲ. ಮಕ್ಕಳಲ್ಲಿ ಚುಕ್ಕಿ ಒಂದು ಜಾಗ ಸರಿದರೆ ಹತ್ತು ಪಟ್ಟು ಡೋಸ್ ಹೋಗುತ್ತದೆ. ಮಜಾ ಏನಂದ್ರೆ, ಆ ಹತ್ತು ಪಟ್ಟೂ ಒಂದು ಸಿರಿಂಜಿನೊಳಗೇ ಹಿಡಿಯುತ್ತದೆ. ದೊಡ್ಡವರಿಗಾದರೆ ಹತ್ತು ವಯಲ್ ಒಡೆಯಬೇಕಾದಾಗ ನಿಮಗೇ ಅನುಮಾನ ಬರುತ್ತಿತ್ತು. ಒಂದೇ ಡೋಸಿಗೆ ಎರಡು ಮೂರಕ್ಕಿಂತ ಜಾಸ್ತಿ ಆಂಪ್ಯೂಲ್ ಅಥವಾ ಮಾತ್ರೆ ಬೇಕಾಗುತ್ತಿದೆ ಅಂದರೆ ಅಲ್ಲೇ ನಿಂತು ಇನ್ನೊಮ್ಮೆ ಲೆಕ್ಕ ಹಾಕಿ.

ಔಷಧಿ ಕೊಡುವ ಹೊತ್ತು

ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸ್, ಸರಿಯಾದ ದಾರಿ, ಸರಿಯಾದ ಸಮಯ. ಈ ಐದನ್ನು ನೀವು ಓದುವಾಗಲೇ ಬಾಯಿಪಾಠ ಮಾಡಿದ್ದೀರಿ. ಅದನ್ನು ಮತ್ತೆ ಹೇಳುವುದಿಲ್ಲ. ಐದೂ ಗೊತ್ತಿದ್ದವರೇ ತಪ್ಪುವುದು ಎಲ್ಲಿ ಅಂತ ಹೇಳುತ್ತೇನೆ.

ಮಧ್ಯದಲ್ಲಿ ಯಾರಾದರೂ ಮಾತಾಡಿಸಿದಾಗ. ಆಸ್ಟ್ರೇಲಿಯದಲ್ಲಿ ಸಂಶೋಧಕರು ಔಷಧಿ ಕೊಡುವ ನರ್ಸ್‌ಗಳನ್ನು ಪಕ್ಕದಲ್ಲೇ ನಿಂತು ಗಮನಿಸಿ 2010ರಲ್ಲಿ ಪ್ರಕಟಿಸಿದರು. ಒಂದೊಂದು ಸಲ ಅಡ್ಡ ಮಾತು ಬಂದಾಗಲೂ ತಪ್ಪಿನ ಸಾಧ್ಯತೆ ಸುಮಾರು 12 ಪ್ರತಿಶತ ಏರುತ್ತಿತ್ತು. ಹಾಗಾಗಿ ಔಷಧಿ ಟ್ರಾಲಿ ಹಿಡಿದವರನ್ನು ಮಾತಾಡಿಸಬಾರದು ಅನ್ನುವುದು ವಾರ್ಡಿನ ನಿಯಮವಾಗಲಿ. ಫೋನ್ ಇನ್ನೊಬ್ಬರು ತೆಗೆಯಲಿ. ಕೆಲವು ಆಸ್ಪತ್ರೆಗಳಲ್ಲಿ ‘ಔಷಧಿ ಕೊಡುತ್ತಿದ್ದೇನೆ, ಮಾತಾಡಿಸಬೇಡಿ’ ಅಂತ ಬರೆದ ಕೋಟು ಹಾಕಿಕೊಳ್ಳುತ್ತಾರೆ. ನನಗೆ ಆ ಕೋಟು ಅಷ್ಟಾಗಿ ಇಷ್ಟವಿಲ್ಲ, ರೋಗಿಗಳೂ ಕರೆಯಲು ಹೆದರುತ್ತಾರೆ. ನಮ್ಮಲ್ಲಿ ಬರೀ ಕೈ ಎತ್ತಿ ತೋರಿಸುತ್ತೇವೆ. ಅಡ್ಡ ಬರಲೇಬೇಕಾದಂಥ ತುರ್ತು ಬಂತು ಅನ್ನಿ, ವಾಪಸ್ ಬಂದ ಮೇಲೆ ಆ ರೋಗಿಯ ಔಷಧಿಯನ್ನು ಮೊದಲಿಂದ ಶುರು ಮಾಡಿ. ‘ಎಲ್ಲಿಗೆ ನಿಲ್ಲಿಸಿದ್ದೆ’ ಅಂತ ನೆನಪು ಮಾಡಿಕೊಳ್ಳಲು ಹೋಗಬೇಡಿ.

ಲೇಬಲ್ ಇಲ್ಲದ ಸಿರಿಂಜ್. ಔಷಧಿ ಎಳೆದುಕೊಂಡ ಕೂಡಲೇ ಲೇಬಲ್, ಸಿರಿಂಜ್ ಕೈಯಿಂದ ಕೆಳಗಿಡುವ ಮುಂಚೆ. ಯಾರೋ ಇಟ್ಟುಹೋದ ಲೇಬಲ್ ಇಲ್ಲದ ಸಿರಿಂಜ್ ಸಿಕ್ಕರೆ ಅದು ಬರೀ ಸಲೈನ್ ಅಂತ ಎಷ್ಟೇ ಗೊತ್ತಿದ್ದರೂ ಕಸಕ್ಕೆ. ಇನ್ನೊಬ್ಬರು ತಯಾರಿಸಿದ ಔಷಧಿಯನ್ನು ನೀವು ಕೊಡಬೇಡಿ.

ಬಾಯಿಗೆ ಕೊಡುವ ಸಿರಪ್ಪನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆಯಬೇಡಿ. ಅಳೆದಿಟ್ಟದ್ದು ಯಾವತ್ತೋ ಒಂದು ದಿನ ಕ್ಯಾನುಲಾಕ್ಕೆ, ಅಂದರೆ ರಕ್ತನಾಳಕ್ಕೆ ಹಾಕಿದ ಕೊಳವೆಗೆ, ಹೋಗುತ್ತದೆ. ಬಾಯಿಯ ಔಷಧಿಗೆಂದೇ ಇರುವ ಸಿರಿಂಜ್ ಕ್ಯಾನುಲಾಕ್ಕೆ ಕೂರುವುದಿಲ್ಲ, ಅದನ್ನೇ ತರಿಸಿ. ಒಬ್ಬ ರೋಗಿಗೆ ಮೂಗಿನ ಕೊಳವೆ, ಡ್ರಿಪ್, ಬೆನ್ನಿನ ಕೊಳವೆ ಎಲ್ಲ ಇದ್ದಾಗ ಏನನ್ನೇ ಜೋಡಿಸುವ ಮುಂಚೆ ಆ ಕೊಳವೆಯನ್ನು ದೇಹದವರೆಗೂ ಕೈಯಿಂದ ಹಿಡಿದು ನೋಡಿಕೊಂಡು ಹೋಗಿ.

ಇನ್ನು ಇಬ್ಬರು ಸೇರಿ ನೋಡುವುದು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ, ಮಾರ್ಫಿನ್ ಥರದವು, ಕ್ಯಾನ್ಸರ್ ಔಷಧಿ: ಇವುಗಳಿಗೆ ಇಬ್ಬರು ಬೇಕು. ಆದರೆ ‘ನಾಲ್ಕು ಎಂಎಲ್ ಎಳೆದಿದ್ದೀನಿ, ಸರಿ ಇದೆಯಲ್ವಾ?’ ಅಂತ ಕೇಳಿದರೆ ಎರಡನೆಯವರು ‘ಸರಿ’ ಅಂದೇ ಅನ್ನುತ್ತಾರೆ. ಅದು ಸಹಿ ಹಾಕಿಸಿಕೊಳ್ಳುವ ಆಟ. ಎರಡನೆಯವರಿಗೆ ಉತ್ತರ ಹೇಳಬೇಡಿ. ಆರ್ಡರ್ ಶೀಟ್ ಮತ್ತು ವಯಲ್ ಕೊಟ್ಟು ‘ಎಷ್ಟು ಎಳೆಯಬೇಕು ಹೇಳಿ’ ಅನ್ನಿ. ಇಬ್ಬರ ಲೆಕ್ಕವೂ ಬೇರೆ ಬೇರೆಯಾಗಿ ಬಂದು ಒಂದೇ ಆಗಬೇಕು. ಎಲ್ಲ ಔಷಧಿಗೂ ಇದನ್ನು ಮಾಡಲು ಹೋಗಬೇಡಿ. ಎಲ್ಲದಕ್ಕೂ ಮಾಡಿದರೆ ಯಾವುದಕ್ಕೂ ಸರಿಯಾಗಿ ಮಾಡುವುದಿಲ್ಲ.

ಫೋನಿನಲ್ಲಿ, ಡ್ಯೂಟಿ ಬದಲಾಗುವಾಗ

ಫೋನ್ ಆರ್ಡರ್ ಆದಷ್ಟೂ ಬೇಡ. ತಗೊಳ್ಳಲೇಬೇಕಾದರೆ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಅವರು ‘ಸರಿ’ ಅಂದ ಮೇಲೆ ಫೋನ್ ಇಡಿ. ಇಂಗ್ಲಿಷಿನಲ್ಲಿ ಹದಿನೈದಕ್ಕೂ ಐವತ್ತಕ್ಕೂ ಕಿವಿಗೆ ಜಾಸ್ತಿ ವ್ಯತ್ಯಾಸ ಇಲ್ಲ. ‘ಒನ್ ಫೈವ್’ ಅಂತ ಅಂಕಿ ಬಿಡಿಸಿ ಹೇಳಿ.

ನೀವು ಡಾಕ್ಟರಿಗೆ ಫೋನ್ ಮಾಡುವಾಗ ಒಂದು ಕ್ರಮ ಇರಲಿ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಕ್ರಮ ಇದು, ಎಸ್‌ಬಿಎಆರ್ ಅನ್ನುತ್ತಾರೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನಾಗಬೇಕು. ಹೀಗೆ: ‘ಸರ್, ಬೆಡ್ 6ರ ರೋಗಿಗೆ ಬಿಪಿ 80 ಬೈ 50 ಆಗಿದೆ. ನಿನ್ನೆ ಹೊಟ್ಟೆ ಆಪರೇಷನ್ ಆದವರು, ಒಂದು ಗಂಟೆಯಿಂದ ಮೂತ್ರ ಇಲ್ಲ. ಒಳಗೆ ರಕ್ತಸ್ರಾವ ಆಗುತ್ತಿರಬಹುದು ಅನ್ನಿಸುತ್ತಿದೆ. ನೀವು ಈಗಲೇ ಬಂದು ನೋಡಬೇಕು.’ ಮೂರನೆಯದನ್ನೂ ನಾಲ್ಕನೆಯದನ್ನೂ ಹೇಳಲು ಹೊಸಬರಿಗೆ ಸಂಕೋಚ. ‘ಸ್ವಲ್ಪ ಬಿಪಿ ಕಡಿಮೆ ಇದೆ ಸರ್’ ಅಂತ ಹೇಳಿ ಸುಮ್ಮನಾಗುತ್ತಾರೆ. ಆ ಕಡೆಯವರು ನಿದ್ದೆಗಣ್ಣಿನಲ್ಲಿ ‘ಸರಿ, ನೋಡ್ತಾ ಇರಿ’ ಅನ್ನುತ್ತಾರೆ. ತಪ್ಪು ಯಾರದು ಹೇಳಿ?

ಹ್ಯಾಂಡ್‌ಓವರ್ ಬೆಡ್ ಪಕ್ಕದಲ್ಲಿ ಆಗಲಿ. ಡ್ರಿಪ್ ವೇಗ, ಪಂಪಿನ ಸೆಟ್ಟಿಂಗ್, ಗಾಯದ ಪಟ್ಟಿ ಇಬ್ಬರೂ ಕಣ್ಣಾರೆ ನೋಡಲಿ. ಕೊಟ್ಟಾದ ಔಷಧಿಗಿಂತ ಕೊಡದೆ ಉಳಿದ ಔಷಧಿಯನ್ನು ಮೊದಲು ಹೇಳಿ. ಮಾನಿಟರ್ ಅಲಾರಂ ಮಿತಿಗಳನ್ನೂ ಆಗಲೇ ಆ ರೋಗಿಗೆ ತಕ್ಕ ಹಾಗೆ ಸರಿ ಮಾಡಿ. ಸುಮ್ಮಸುಮ್ಮನೆ ದಿನವಿಡೀ ಕೂಗುವ ಅಲಾರಂ ನಿಜಕ್ಕೂ ಕೂಗಿದಾಗ ಯಾರೂ ತಿರುಗಿ ನೋಡುವುದಿಲ್ಲ.

ಬಾಯಿ ಬಿಡುವುದು

ಇದೇ ಎಲ್ಲಕ್ಕಿಂತ ಕಷ್ಟದ್ದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2005ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳೆ ಸಾಮಾನ್ಯವಾದ ಸೈನಸ್ ಆಪರೇಷನ್‌ಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವಿ ಡಾಕ್ಟರುಗಳು ಬಾಯಿಯ ಮೂಲಕ ಕೊಳವೆ ಹಾಕಲು ಮತ್ತೆ ಮತ್ತೆ ಪ್ರಯತ್ನಿಸಿದರು. ಒಬ್ಬ ನರ್ಸ್ ಕತ್ತಿನಲ್ಲಿ ತೂತು ಮಾಡುವ ಟ್ರಕಿಯಾಸ್ಟಮಿ ಸೆಟ್ ತಂದು, ತಂದಿದ್ದೇನೆ ಅಂತಲೂ ಹೇಳಿದರು. ಇನ್ನೊಬ್ಬರು ಐಸಿಯು ಬೆಡ್‌ಗೆ ಫೋನ್ ಮಾಡಿದರು. ಏನಾಗಬೇಕು ಅನ್ನುವುದು ಆ ಕೋಣೆಯಲ್ಲಿ ಕೆಲವರಿಗೆ ಹೊಳೆದಿತ್ತು. ಆದರೆ ಆ ಮಾತು ಡಾಕ್ಟರುಗಳ ಕಿವಿಗೆ ಹೋಗಲಿಲ್ಲ. ಆ ಮಹಿಳೆ ಎಚ್ಚರಗೊಳ್ಳಲೇ ಇಲ್ಲ, 13 ದಿನಗಳ ನಂತರ ತೀರಿಕೊಂಡರು. ಅವರ ಗಂಡ ಮಾರ್ಟಿನ್ ಬ್ರೊಮಿಲಿ ವಿಮಾನದ ಪೈಲಟ್. ವಿಮಾನ ಅಪಘಾತವಾದರೆ ತನಿಖೆ ಆಗುತ್ತದೆ, ಇಲ್ಲಿ ಯಾಕಿಲ್ಲ ಅನ್ನುವುದು ಅವರ ಪ್ರಶ್ನೆ. ಯಾರನ್ನೂ ಜೈಲಿಗೆ ಹಾಕಿಸಲು ಹೋಗಲಿಲ್ಲ. ವೈದ್ಯಕೀಯದಲ್ಲಿ ಮನುಷ್ಯರು ಒತ್ತಡದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರ ಬಗ್ಗೆ ಕೆಲಸ ಮಾಡುವ ಒಂದು ಗುಂಪು ಕಟ್ಟಿದರು.

ಇದರಿಂದ ನಾನು ಹೊಸಬರಿಗೆ ಹೇಳಿಕೊಡುವುದು ಇಷ್ಟು. ಒತ್ತಡದಲ್ಲಿರುವ ಡಾಕ್ಟರಿಗೆ ಸುಳಿವು ಕೊಟ್ಟರೆ ಸಾಲದು. ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾಗಬೇಕು. ಮೊದಲು: ‘ಸರ್, ನನಗೆ ಚಿಂತೆಯಾಗ್ತಿದೆ, ಆಕ್ಸಿಜನ್ 70 ಇದೆ.’ ಉತ್ತರ ಬರಲಿಲ್ಲವಾ? ಹೆಸರು ಹಿಡಿದು: ‘ಡಾಕ್ಟ್ರೇ, ಇದು ಸರಿ ಹೋಗ್ತಿಲ್ಲ. ಇನ್ನೊಬ್ಬರನ್ನು ಕರೆಯೋಣ.’ ಆಗಲೂ ಇಲ್ಲವಾ? ‘ನಿಲ್ಲಿಸಿ. ಇದು ರೋಗಿಗೆ ಅಪಾಯ.’ ಈ ಮೂರನೆಯ ಮಾತಿಗೆ ಕಾಯದೆ, ಮೇಲಿನವರನ್ನು ಕರೆಯಲು ಯಾರ ಒಪ್ಪಿಗೆಯೂ ಬೇಡ ಅನ್ನುವುದು ಮೊದಲೇ ಬರೆದಿಟ್ಟ ನಿಯಮವಾಗಿರಬೇಕು. ಈ ಮಾತುಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನಗು ಬರುತ್ತದೆ, ಬರಲಿ. ಅಭ್ಯಾಸ ಇಲ್ಲದಿದ್ದರೆ ಆ ಹೊತ್ತಿನಲ್ಲಿ ಬಾಯಿಯಿಂದ ಹೊರಡುವುದಿಲ್ಲ.

ಡಾಕ್ಟರುಗಳಿಗೂ ಒಂದು ಮಾತು. ಕೇಳಿದವರ ಮೇಲೆ ಒಮ್ಮೆ ರೇಗಿದರೆ ಆ ವಾರ್ಡಿನಲ್ಲಿ ಮುಂದಿನ ಆರು ತಿಂಗಳು ಯಾರೂ ನಿಮ್ಮನ್ನು ಕೇಳುವುದಿಲ್ಲ. ಅನುಮಾನ ತಪ್ಪಾಗಿದ್ದರೂ ‘ಕೇಳಿದ್ದು ಒಳ್ಳೆಯದಾಯಿತು’ ಅನ್ನಿ. ಅಷ್ಟೇ ಸಾಕು.

ಥಿಯೇಟರಿನ ಚೆಕ್‌ಲಿಸ್ಟ್, ಕೈ ತೊಳೆಯುವುದು

ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್ 2008ರಲ್ಲಿ ಬಂತು. 19 ಅಂಶ, ಮೂರು ಕಡೆ ನಿಲ್ಲುವುದು: ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಹೊರಗೆ ಹೋಗುವ ಮುಂಚೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು 1.5 ಪ್ರತಿಶತದಿಂದ 0.8ಕ್ಕೆ ಇಳಿದಿತ್ತು. ದೊಡ್ಡ ತೊಂದರೆಗಳು 11ರಿಂದ 7ಕ್ಕೆ. ಆದರೆ ಆಪರೇಷನ್ ಮುಗಿದ ಮೇಲೆ ಎಲ್ಲ ಚೌಕಕ್ಕೂ ಒಟ್ಟಿಗೆ ಟಿಕ್ ಹಾಕುವ ಕಡೆ ಈ ಲಾಭ ಸಿಗುವುದಿಲ್ಲ. ಎಲ್ಲರೂ ಕೈ ನಿಲ್ಲಿಸಿ, ಒಬ್ಬರು ಜೋರಾಗಿ ಓದಬೇಕು. ಅದರಲ್ಲಿ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳುವ ಅಂಶ ಇದೆ. ಅದನ್ನು ತಮಾಷೆ ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಒಮ್ಮೆ ತನ್ನ ಹೆಸರು ಹೇಳಿದವರು ಆಮೇಲೆ ಅನುಮಾನ ಬಂದಾಗ ಬಾಯಿ ಬಿಡುವುದು ಸುಲಭ. ಎಡ ಬಲದ ಗುರುತನ್ನು ರೋಗಿ ಎಚ್ಚರ ಇರುವಾಗಲೇ, ಅವರನ್ನೇ ಕೇಳಿ ಹಾಕಬೇಕು.

ಐಸಿಯುನಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ಲೈನಿನ ಸೋಂಕಿಗೆ ಪೀಟರ್ ಪ್ರೊನೊವೊಸ್ಟ್ ಎಂಬ ಡಾಕ್ಟರ್ ಐದೇ ಅಂಶದ ಪಟ್ಟಿ ಮಾಡಿದರು. ಕೈ ತೊಳೆಯುವುದು, ರೋಗಿಯ ಮೈ ಪೂರ್ತಿ ಸ್ಟೆರೈಲ್ ಬಟ್ಟೆ ಹೊದಿಸುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್, ಸಾಧ್ಯವಾದಷ್ಟು ತೊಡೆಸಂದಿಯಲ್ಲಿ ಹಾಕದಿರುವುದು, ಬೇಡವಾದ ಲೈನ್ ತೆಗೆಯುವುದು. ಇದರಲ್ಲಿ ಹೊಸದೇನೂ ಇಲ್ಲ. ಹೊಸದು ಏನಂದರೆ, ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನಿಲ್ಲಿಸುವ ಅಧಿಕಾರ ನರ್ಸ್‌ಗೆ ಕೊಟ್ಟದ್ದು. ಮಿಶಿಗನ್ ರಾಜ್ಯದ ಐಸಿಯುಗಳಲ್ಲಿ ಸೋಂಕು 66 ಪ್ರತಿಶತದವರೆಗೂ ಕಡಿಮೆಯಾಯಿತು ಎಂದು 2006ರಲ್ಲಿ ವರದಿಯಾಯಿತು. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಇಟ್ಟದ್ದೂ ಕೆಲಸ ಮಾಡಿತು. ಮೊದಲು ಬೇರೆ ಬೇರೆ ಕಡೆ ಹುಡುಕಬೇಕಿತ್ತು, ಸಿಗದಿದ್ದಾಗ ‘ಇರಲಿ ಬಿಡು’ ಅಂತ ಆಗುತ್ತಿತ್ತು.

ಕೈ ತೊಳೆಯುವುದರ ಬಗ್ಗೆ ಒಂದೇ ಮಾತು. ಹ್ಯಾಂಡ್‌ರಬ್ ಬಾಟಲಿ ಬಾಗಿಲ ಹತ್ತಿರ ಇದ್ದರೆ ಸಾಲದು, ಪ್ರತಿ ಬೆಡ್ ಪಕ್ಕದಲ್ಲಿ ಇರಬೇಕು. 20ರಿಂದ 30 ಸೆಕೆಂಡ್ ಉಜ್ಜಿದರೆ ಸಾಕು. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸೋಪು ನೀರು ಬೇಕೇ ಬೇಕು. ಕೈಗವಸು ಹಾಕಿಕೊಂಡರೆ ಕೈ ತೊಳೆದ ಹಾಗಲ್ಲ.

ಮನೆಯವರನ್ನು ಕೆಲಸಕ್ಕೆ ಹಚ್ಚಿ

ಇಪ್ಪತ್ತನಾಲ್ಕು ಗಂಟೆಯೂ ಒಬ್ಬರೇ ರೋಗಿಯನ್ನು ನೋಡುತ್ತಿರುವವರು ಅವರ ಮನೆಯವರು ಮಾತ್ರ. ‘ಇದು ದಿನಾ ಕೊಡುವ ಮಾತ್ರೆ ಥರ ಇಲ್ಲ ಸಿಸ್ಟರ್’ ಅಂತ ಅವರು ಹೇಳಿದರೆ ನಿಲ್ಲಿಸಿ, ವಾಪಸ್ ಹೋಗಿ ನೋಡಿ. ‘ಬ್ರ್ಯಾಂಡ್ ಬದಲಾಗಿದೆ ಅಷ್ಟೇ’ ಅಂತ ಅಲ್ಲೇ ತೇಲಿಸಬೇಡಿ.

ಅಡ್ಮಿಟ್ ಆಗುವಾಗ ಮನೆಯಲ್ಲಿರುವ ಎಲ್ಲ ಔಷಧಿಯನ್ನೂ ಚೀಲಕ್ಕೆ ಹಾಕಿ ತರಲು ಹೇಳಿ. ಬಾಯಲ್ಲಿ ಹೇಳುವ ಪಟ್ಟಿ ಯಾವಾಗಲೂ ಅರ್ಧ. ಪ್ಯಾರಸಿಟಮಾಲ್ ಬೇರೆ ಬೇರೆ ಹೆಸರಿನ ನೆಗಡಿ ಮಾತ್ರೆ, ನೋವಿನ ಮಾತ್ರೆಗಳಲ್ಲೂ ಇರುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ಸರಿ ಇಲ್ಲದವರಿಗೆ ಇನ್ನೂ ಕಡಿಮೆ. ಅಲರ್ಜಿ ಕೇಳುವಾಗ ‘ಏನಾಗಿತ್ತು’ ಅಂತಲೂ ಕೇಳಿ ಬರೆಯಿರಿ. ಡಿಸ್ಚಾರ್ಜ್ ದಿನ ‘ಗೊತ್ತಾಯ್ತಾ?’ ಅಂದರೆ ಎಲ್ಲರೂ ‘ಹೂಂ’. ‘ಮನೆಗೆ ಹೋಗಿ ಇದನ್ನು ಹೇಗೆ ತಗೊಳ್ತೀರಿ, ಒಮ್ಮೆ ನನಗೆ ಹೇಳಿ’ ಅನ್ನಿ. ಆಗ ಗೊತ್ತಾಗುತ್ತದೆ ನಾವು ಎಷ್ಟು ಸರಿಯಾಗಿ ಹೇಳಿದ್ದೇವೆ ಅಂತ.

ಬೀಳುವುದನ್ನು ತಡೆಯಲು: ಬೆಡ್ ಕೆಳಮಟ್ಟದಲ್ಲಿ, ಚಕ್ರಕ್ಕೆ ಲಾಕ್, ಕರೆಗಂಟೆ ಕೈಗೆ ಸಿಗುವ ಹಾಗೆ. ವಯಸ್ಸಾದವರು ಬೀಳುವುದು ಹೆಚ್ಚಾಗಿ ಟಾಯ್ಲೆಟ್‌ಗೆ ಎದ್ದಾಗ. ಅವರು ಕರೆಯುವ ಮುಂಚೆ ನೀವೇ ಹೋಗಿ ಕೇಳಿ.

ಆದರೂ ತಪ್ಪಾಯಿತು ಅನ್ನಿ

ಮೊದಲು ರೋಗಿ. ಡಾಕ್ಟರನ್ನು ಕರೆಯಿರಿ, ಮುಚ್ಚಿಡದೆ ಏನು, ಎಷ್ಟು, ಎಷ್ಟು ಹೊತ್ತಿಗೆ ಹೋಯಿತು ಹೇಳಿ. ನಿಜ ಗೊತ್ತಾದರೆ ಮಾತ್ರ ಸರಿಯಾದ ಮದ್ದು ಕೊಡಬಹುದು. ವಯಲ್, ಸಿರಿಂಜ್, ಪಂಪ್ ಯಾವುದನ್ನೂ ಎಸೆಯಬೇಡಿ, ಪಂಪಿನ ಸೆಟ್ಟಿಂಗ್ ಬದಲಿಸಬೇಡಿ. ಕೇಸ್ ಶೀಟಿನಲ್ಲಿ ನಡೆದದ್ದನ್ನಷ್ಟೇ ಬರೆಯಿರಿ, ಯಾರ ತಪ್ಪು ಅಂತಲ್ಲ. ಹಳೆಯದನ್ನು ತಿದ್ದಲೇಬೇಡಿ. ಮನೆಯವರಿಗೆ ಹಿರಿಯರೊಬ್ಬರು ಅದೇ ದಿನ, ಕೂತು, ಸರಳವಾಗಿ ಹೇಳಬೇಕು: ಏನಾಯಿತು, ಈಗ ಏನು ಮಾಡುತ್ತಿದ್ದೇವೆ, ಕ್ಷಮಿಸಿ.

ಆಮೇಲೆ ವರದಿ. ಆದ ತಪ್ಪು ಮಾತ್ರವಲ್ಲ, ಕೊನೆ ಕ್ಷಣದಲ್ಲಿ ತಪ್ಪಿದ ತಪ್ಪನ್ನೂ ಬರೆಯಿರಿ. ತಪ್ಪು ಆಂಪ್ಯೂಲ್ ಕೈಗೆ ಬಂದು, ಒಡೆಯುವ ಮುಂಚೆ ಗೊತ್ತಾಯಿತಲ್ಲ, ಅದು. ಯಾರಿಗೂ ಏನೂ ಆಗಿರುವುದಿಲ್ಲ, ಹಾಗಾಗಿ ಯಾರೂ ಹೆದರದೆ ನಿಜ ಹೇಳುತ್ತಾರೆ. ಅಮೆರಿಕದಲ್ಲಿ ಪೈಲಟ್‌ಗಳು 1976ರಿಂದಲೂ ನಾಸಾಗೆ ಇಂಥ ವರದಿಗಳನ್ನು ಕಳಿಸುತ್ತಿದ್ದಾರೆ, ಹೆಸರು ಗುಟ್ಟಾಗಿರುತ್ತದೆ. ವಾರ್ಡಿನಲ್ಲಿ ಒಂದು ನೋಟ್‌ಬುಕ್ ಇದ್ದರೂ ನಡೆಯುತ್ತದೆ. ಆದರೆ ಬರೆದವರಿಗೆ ಏನು ಬದಲಾಯಿತು ಅಂತ ತಿಳಿಸಬೇಕು. ಬರೆದದ್ದು ಎಲ್ಲಿಗೋ ಹೋಗಿ ಮಾಯವಾದರೆ ಇನ್ನೊಮ್ಮೆ ಯಾರೂ ಬರೆಯುವುದಿಲ್ಲ.

ತನಿಖೆ ಮಾಡುವವರು ‘ಯಾರು’ ಅಂತ ಶುರು ಮಾಡಬೇಡಿ. ಅವರ ಜಾಗದಲ್ಲಿ ಅಷ್ಟೇ ಅನುಭವದ ಇನ್ನೊಬ್ಬರಿದ್ದರೆ ಹೀಗೇ ಆಗುತ್ತಿತ್ತಾ ಅಂತ ಕೇಳಿ. ಆಗುತ್ತಿತ್ತು ಅಂದರೆ ಆ ವ್ಯಕ್ತಿಯನ್ನು ಸಸ್ಪೆಂಡ್ ಮಾಡಿ ಪ್ರಯೋಜನ ಇಲ್ಲ. ಕುಡಿದು ಬಂದವರು, ಬೇಕಂತಲೇ ನಿಯಮ ಮುರಿದವರು, ತಪ್ಪು ಮುಚ್ಚಿಟ್ಟವರು ಬೇರೆ, ಅವರ ವಿಷಯದಲ್ಲಿ ನನಗೆ ಕರುಣೆ ಇಲ್ಲ.

ತಪ್ಪು ಮಾಡಿದ ಸಿಸ್ಟರನ್ನು ಆ ದಿನವೇ ಮುಂದಿನ ಔಷಧಿ ಟ್ರಾಲಿಗೆ ಒಬ್ಬರನ್ನೇ ಕಳಿಸಬೇಡಿ. ಅವರ ಕೈ ನಡುಗುತ್ತಿರುತ್ತದೆ, ತಲೆಯಲ್ಲಿ ಅದೇ ಓಡುತ್ತಿರುತ್ತದೆ. ಉಳಿದ ರೋಗಿಗಳನ್ನು ಬೇರೆಯವರಿಗೆ ಹಂಚಿ, ಒಬ್ಬ ಹಿರಿಯರನ್ನು ಜೊತೆಗೆ ಕೂರಿಸಿ, ಮನೆಗೆ ಹೋಗುವಾಗ ಯಾರಾದರೂ ಜೊತೆಗೆ ಹೋಗಲಿ. ಮರುದಿನ ನೀವೇ ಫೋನ್ ಮಾಡಿ ವಿಚಾರಿಸಿ. ಡ್ಯೂಟಿಗೆ ವಾಪಸ್ ಬಂದಾಗ ಕಪಾಟು ಹೇಗೆ ಜೋಡಿಸಬೇಕು ಅಂತ ಮೊದಲು ಅವರನ್ನೇ ಕೇಳಿ.